ಕಣ್ಣಿಗೆ ಯಾರೂ ಅರಸಿನ ಹಚ್ಚುವುದಿಲ್ಲ

ಬೆಳಗ್ಗೆ ಚಾವಡಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದೆ. ಬಾಳೆನಾರಿನ ಕುಣಿಕೆಯೊಳಗೆ ಮೊಗ್ಗು ಇಟ್ಟಿದ್ದೆ, ಇನ್ನೂ ಬಿಗಿದಿರಲಿಲ್ಲ. ಫೋನ್ ಬಂತು. ಮಣಿಪಾಲದ ಆಸ್ಪತ್ರೆಯ ಸಿಸ್ಟರ್. “ಅಮ್ಮಾ, ನಮ್ಮ ಡಾಕ್ಟ್ರು ನಿನ್ನೆ ತೀರಿಹೋದರು. ನಿಮಗೆ ಹೇಳದೆ ಇರಲು ಮನಸ್ಸು ಬರಲಿಲ್ಲ” ಎಂದರು.

ಕಣ್ಣೆದುರು ಮೊದಲು ಬಂದದ್ದು ಅವರ ಹಣೆ. ಅಗಲವಾದ ಹಣೆ, ಅದರ ಮೇಲೆ ಆಪರೇಷನ್ ಟೋಪಿಯ ಅಂಚು ಒತ್ತಿ ಬಿದ್ದ ಕೆಂಪು ಗೆರೆ. ನನ್ನ ಮಗಳು ಕೂಸಾಗಿದ್ದಾಗ ವಿಡಿಯೋ ಕಾಲ್‌ನಲ್ಲಿ ಅವಳನ್ನು ಸರಿಯಾಗಿ ನೋಡಬೇಕೆಂದು ಅವರು ಫೋನನ್ನು ಕಣ್ಣಿನ ಹತ್ತಿರಕ್ಕೇ ಹಿಡಿಯುತ್ತಿದ್ದರು. ನಮಗೆ ಕಾಣುತ್ತಿದ್ದುದು ಹಣೆ ಮತ್ತು ಕನ್ನಡಕದ ಮೇಲಂಚು, ಅಷ್ಟೇ. “ಡಾಕ್ಟ್ರ ಹಣೆ ಬಂತು, ಬಾ” ಎಂದು ಅತ್ತೆ ನನ್ನನ್ನು ಕರೆಯುತ್ತಿದ್ದರು.

ನನ್ನ ಮಗಳು ಹುಟ್ಟಿದ ಮೇಲೆ ಅವಳ ಮೈಯ ಹಳದಿ ಇಳಿಯಲೇ ಇಲ್ಲ. ಎಲ್ಲ ಮಕ್ಕಳಿಗೂ ಬರ್ತದೆ, ಬಿಸಿಲಿಗೆ ಹಿಡಿ ಎಂದರು ಊರವರು, ಹಿಡಿದೆ. ಕೊನೆಗೆ ಮಣಿಪಾಲಕ್ಕೆ ಹೋದಾಗ ಗೊತ್ತಾಯಿತು, ಪಿತ್ತ ಕರುಳಿಗೆ ಇಳಿಯುವ ದಾರಿಯೇ ಮುಚ್ಚಿಕೊಂಡಿತ್ತು. ಡಾಕ್ಟ್ರು ಆಪರೇಷನ್ ಮಾಡಿ ಹೊಸ ದಾರಿ ಮಾಡಿದರು. ಪಿತ್ತ ಇಳಿದರೆ ಕಣ್ಣು ಬೆಳ್ಳಗಾಗುತ್ತದೆ, ಮಲಕ್ಕೆ ಬಣ್ಣ ಬರುತ್ತದೆ. ಇಳಿಯದಿದ್ದರೆ? ಅದನ್ನೂ ಅವರು ಮುಚ್ಚಿಡಲಿಲ್ಲ. “ಲಿವರ್ ಕೆಡ್ತದೆ ಅಮ್ಮಾ, ಮಗು ಉಳಿಯುವುದು ಕಷ್ಟ. ನನ್ನ ಕೈಯಲ್ಲಿ ಆಗುವುದನ್ನು ಮಾಡಿದ್ದೇನೆ. ಇನ್ನು ನಾವಿಬ್ಬರೂ ಸೇರಿ ಕಾಯುವ.”

ಕಾಪುವಿನ ಒಳಗಿನ ನಮ್ಮ ಊರಿನಿಂದ ಮಣಿಪಾಲಕ್ಕೆ ಉಡುಪಿಯಲ್ಲಿ ಬಸ್ಸು ಬದಲಾಯಿಸಬೇಕು. ಗಂಡ ಮಸ್ಕತ್ತಿನಲ್ಲಿ. “ಆ ರಶ್ಶಿನಲ್ಲಿ ಯಾರು ಮಗುವಿನ ಮುಖಕ್ಕೆ ಕೆಮ್ಮುತ್ತಾರೋ, ಬೇಡ ಮಾರಾಯ್ರೇ” ಎಂದರು ಡಾಕ್ಟ್ರು. “ರಕ್ತ ಪರೀಕ್ಷೆ ಕಾಪುವಿನಲ್ಲೇ ಮಾಡಿಸಿ. ಗುರುವಾರ ಗುರುವಾರ ಫೋನಿನಲ್ಲಿ ನೋಡ್ತೇನೆ. ಆದರೆ ಬನ್ನಿ ಎಂದ ದಿನ ಎಂತ ಕೆಲಸ ಇದ್ದರೂ ಬಿಟ್ಟು ಬರಬೇಕು.” ಆಗ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದುದು ಅಂಗಳದ ತುಳಸಿಕಟ್ಟೆಯ ಹತ್ತಿರ ಮಾತ್ರ. ಬೆಳಕೂ ಅಲ್ಲೇ ಚೆನ್ನಾಗಿತ್ತು. ದೇವರು ಕೆಲವನ್ನು ಹೀಗೆ ಕೇಳದೆಯೇ ಕೊಟ್ಟಿರುತ್ತಾನೆ.

ಫೋನಿನಿಂದ ಮುಟ್ಟಲಾಗುವುದಿಲ್ಲ ಎಂಬುದೊಂದೇ ಅವರ ಚಿಂತೆ. ಅದಕ್ಕೆ ನನ್ನ ಕೈ ಕೇಳಿದರು. “ಬಲಬದಿಯ ಪಕ್ಕೆಲುಬಿನ ಕೆಳಗೆ ಬೆರಳಿಡಿ. ಮೆಲ್ಲಗೆ. ಮೂಡೆ ಇಡ್ಲಿಯ ಹಾಗೆ ಮೆತ್ತಗೆ ಉಂಟಾ, ತೆಂಗಿನ ಗೆರಟೆಯ ಹಾಗೆ ಗಟ್ಟಿ ಉಂಟಾ?”

“ಎರಡರ ನಡುವೆ ಉಂಟು, ಡಾಕ್ಟ್ರೇ.”

“ನಡುವೆ ಅಂದರೆ ಎಂತದು?”

“ನಿನ್ನೆಯ ಕಡುಬು.”

ಹಣೆ ಅಲುಗಿತು, ನಕ್ಕಿರಬೇಕು. “ಸರಿ. ಮೊನ್ನೆಯ ಕಡುಬು ಆಗದ ಹಾಗೆ ನೋಡುವ.”

ಒಂದು ಗುರುವಾರ ನಾಗಬನದಲ್ಲಿ ನಾಗನಿಗೆ ತಂಬಿಲದ ಪೂಜೆ ಇತ್ತು. ಅತ್ತೆ ಪೂಜೆ ಮುಗಿಸಿ ಬಂದವರೇ ಪ್ರಸಾದದ ಅರಸಿನವನ್ನು ಮಗುವಿನ ಹಣೆ, ಕೆನ್ನೆ, ಹೊಟ್ಟೆಗೆಲ್ಲ ಸವರಿದರು. ಪ್ರಸಾದ ನಮಗೆ ಪ್ರಸಾದ. ಅದು ಹಳದಿ ಎಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಕಾಲ್ ಬಂದಾಗ ಬಟ್ಟೆ ಬಿಡಿಸಿ ಮಗುವನ್ನು ತೋರಿಸಿದೆ. ಡಾಕ್ಟ್ರ ಹಣೆ ಫೋನಿಗೆ ಇನ್ನೂ ಹತ್ತಿರ ಬಂತು. ಆಮೇಲೆ, “ಯಾವಾಗಿನಿಂದ ಹೀಗೆ ಉಂಟು?” ಎಂದು ತಗ್ಗಿದ ದನಿಯಲ್ಲಿ ಕೇಳಿದರು.

“ಹೇಗೆ?”

“ಮೈಯೆಲ್ಲ ಹಳದಿ. ಅಮ್ಮಾ, ಈಗಲೇ ಹೊರಡಬೇಕಾಗ್ತದೆ.”

ಮಗುವನ್ನು ಬಟ್ಟೆಯಲ್ಲಿ ಸುತ್ತತೊಡಗಿದೆ. ಹಿಂದೆ ನಿಂತಿದ್ದ ಅತ್ತೆ ಮುಂದೆ ಬಂದು, “ಅದು ನಾಗನ ಅರಸಿನ, ಡಾಕ್ಟ್ರೇ. ಮೊದಲು ದೇವರು ನೋಡಲಿ, ಆಮೇಲೆ ನೀವು ನೋಡಿ ಎಂದು ನಾನೇ ಹಚ್ಚಿದ್ದು” ಎಂದರು.

ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ, ನಗಲೂ ಇಲ್ಲ. “ದೇವರು ಮೊದಲು ನೋಡಲಿ ಅಜ್ಜಿ, ಅವರು ನನಗಿಂತ ಸೀನಿಯರ್. ಆದರೆ ಅವರು ನೋಡಿ ಹೋದ ಗುರುತು ನನಗೆ ಅಡ್ಡ ಬರ್ತದೆ. ಹಣೆಗೊಂದು ಬೊಟ್ಟು ಸಾಕು.” ಆಮೇಲೆ ನನಗೆ ಹೇಳಿದರು: “ಕಣ್ಣಿಗೆ ಯಾರೂ ಅರಸಿನ ಹಚ್ಚುವುದಿಲ್ಲ. ರೆಪ್ಪೆ ಎತ್ತಿ ತೋರಿಸಿ ಅಮ್ಮಾ.”

ತೋರಿಸಿದೆ. ಕಣ್ಣು ಬೆಳ್ಳಗಿತ್ತು. ಅವರು ಉಸಿರು ಬಿಟ್ಟದ್ದು ಫೋನಿನಲ್ಲಿ ಕೇಳಿಸಿತು. ಮಗುವಿಗಾಗಿ ನಮ್ಮ ಹಾಗೆಯೇ ಹೆದರುವ ಒಬ್ಬರು ಅಲ್ಲಿದ್ದಾರೆ ಎಂದು ನನಗೆ ಗೊತ್ತಾದದ್ದು ಅಂದು.

ಮಗು ಗೋಡೆ ಹಿಡಿದು ನಿಲ್ಲಲು ಕಲಿಯುವ ಹೊತ್ತಿಗೆ ಒಂದು ದಿನ ಮೈ ಬಿಸಿಯಾಯಿತು. ಹಲ್ಲು ಬರುವುದಿರಬೇಕು ಎಂದರು ಅತ್ತೆ. ಆದರೆ ಹೊಟ್ಟೆ ಮುಟ್ಟಿದಾಗ ನನ್ನ ಬೆರಳಿಗೆ ಸರಿ ಕಾಣಲಿಲ್ಲ. ಬಟ್ಟೆಯಲ್ಲಿದ್ದ ಮಲವೂ ಬಣ್ಣ ಬಿಟ್ಟು ಬೂದಿಯಂತಾಗಿತ್ತು. ಗುರುವಾರವಲ್ಲದಿದ್ದರೂ ಸಿಸ್ಟರಿಗೆ ಫೋನ್ ಮಾಡಿದೆ. ಡಾಕ್ಟ್ರು ವಿಡಿಯೋದಲ್ಲಿ ಬಂದು ಬಟ್ಟೆಯನ್ನು ನೋಡಿದರು. “ಹೊಟ್ಟೆ ಹೇಗುಂಟು?”

“ಗೆರಟೆ, ಡಾಕ್ಟ್ರೇ.”

“ಹೊರಡಿ. ನಾನು ಇಲ್ಲೇ ಇರ್ತೇನೆ.”

ಪಕ್ಕದ ಮನೆಯವರ ಕಾರಿನಲ್ಲಿ ಹೋದೆವು. ಡಾಕ್ಟ್ರು ಆಸ್ಪತ್ರೆಯ ಬಾಗಿಲಲ್ಲೇ ನಿಂತಿದ್ದರು. ಆ ಹಣೆಯ ಕೆಳಗೆ ಇಷ್ಟು ಸಣ್ಣ ಆಳಾ ಎಂದು, ಅವರನ್ನು ಫೋನಿನಲ್ಲಷ್ಟೇ ನೋಡಿದ್ದ ಅತ್ತೆಗೆ ಆ ಗಾಬರಿಯಲ್ಲೂ ಆಶ್ಚರ್ಯ. ಪಿತ್ತದ ದಾರಿಯಲ್ಲಿ ಸೋಂಕು ಆಗಿತ್ತು. ಇಂಜೆಕ್ಷನ್ನುಗಳಿಂದ ಜ್ವರ ಇಳಿಯಿತು, ಮಲದ ಬಣ್ಣ ಮರಳಿತು. ಮನೆಗೆ ಕಳಿಸುವಾಗ ಅವರು ನನ್ನ ಕೈ ನೋಡಿ, “ಈ ಸಲ ಕಂಡುಹಿಡಿದದ್ದು ಇದು, ನಾನಲ್ಲ” ಎಂದರು. ಮತ್ತೆ, “ನನಗೆ ನಿಮ್ಮ ಮುಖ ಮರೆತುಹೋಗಬೇಕು, ಅಷ್ಟು ಕಾಲ ಇಲ್ಲಿಗೆ ಬಾರದೆ ಇರಬೇಕು, ಆಯ್ತಾ?”

ಆಯಿತು. ವರ್ಷಕ್ಕೊಮ್ಮೆ ಮಾತ್ರ ಹೋಗುವ ಹಾಗಾಯಿತು. ಮಗಳು ಶಾಲೆಗೆ ಸೇರಿದಳು. ಮಿಂದ ಮೇಲೆ ಅವಳ ಮೈ ಒರೆಸುವಾಗ ನನ್ನ ಬೆರಳು ಇಂದಿಗೂ ಬಲಬದಿಯ ಪಕ್ಕೆಯ ಕೆಳಗೆ ತಾನಾಗಿಯೇ ಹೋಗುತ್ತದೆ. ಕಚಗುಳಿ ಎಂದು ಅವಳು ಓಡುತ್ತಾಳೆ.

ಸುದ್ದಿ ಕೇಳಿ ಅತ್ತೆ ಜಗಲಿಯ ಮೇಲೆ ಕೂತರು. “ನನಗಿಂತ ಸಣ್ಣವರಲ್ವಾ” ಎಂದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ದೇವರ ಕೋಣೆಯಲ್ಲಿ ಅವರ ಹೆಸರಿನಲ್ಲಿ ದೀಪ ಹಚ್ಚಿದರು. ಉಡುಪಿಯ ಬನ್ನಂಜೆಯಲ್ಲಿರುವ ಡಾಕ್ಟ್ರ ಮನೆಗೆ ನಾಳೆ ಮಗಳನ್ನೂ ಕರೆದುಕೊಂಡು ಹೋಗುವುದೆಂದು ಮಾತಾಯಿತು. ಅಲ್ಲಿಯವರಿಗೆ ನಾವು ಯಾರೆಂದು ಗೊತ್ತಿರುವುದಿಲ್ಲ, ಹೇಳಬೇಕು.

ಅಡಿಗೆಮನೆಯಿಂದ ಮಗಳು ಕೂಗಿದಳು, “ಅಮ್ಮಾ, ಇನ್ನೊಂದು ದೋಸೆ.”

“ಹೊಟ್ಟೆ ತುಂಬಲಿಲ್ವಾ?”

“ಇಲ್ಲ.”

ಕಣ್ಣೊರೆಸಿಕೊಂಡು ಒಳಗೆ ಹೋದೆ. ಕಾವಲಿಗೆ ಎಣ್ಣೆ ಸವರಿ, ಹಿಟ್ಟನ್ನು ಕಲಕಿ ಹೊಯ್ದೆ.