ಹೆಸರು ಹೇಳದವರ ಬಾಗಲ

ಕಳೆದ ವಾರ ಬೆಳಿಗ್ಗೆ ಹತ್ತೂವರೆಗೆ ನನ್ನ ಮನೆಯೇ ನನ್ನನ್ನು ಒಳಗೆ ಬಿಡಲಿಲ್ಲ.

ನಾನಿದ್ದದ್ದು ಕುಷ್ಟಗಿಯ ಕಾಲೇಜಿನ ಲ್ಯಾಬಿನಲ್ಲಿ, ಪಾಠ ಹೇಳುವವನು. ಮನೆ ಗಂಗಾವತಿಯಲ್ಲಿ. ಅಲ್ಲಿ ಪಡಸಾಲೆಯ ಮೂಲೆಗೆ ಒಂದು ಹಳೆಯ ಕಂಪ್ಯೂಟರ್ ಇಟ್ಟು ಸರ್ವರ್ ಮಾಡಿದ್ದೇನೆ. ವಿದ್ಯಾರ್ಥಿಗಳ ಪ್ರಾಜೆಕ್ಟ್ ಎಲ್ಲ ಅದರಲ್ಲೇ. ಮೇಲಿನ ಗೋಡೆಗೆ ನನ್ನ ಡಿಗ್ರಿ ಸರ್ಟಿಫಿಕೇಟ್. ನಮ್ಮ ಮನೆತನದಲ್ಲಿ ಮೊದಲನೆಯದು. (ಕಟ್ಟು ಹಾಕಿಸಿ ತೂಗುಹಾಕಿದ್ದೇನೆ. ಕಷ್ಟಪಟ್ಟು ಗಳಿಸಿದ್ದನ್ನು ಮುಚ್ಚಿಡುವುದು ಯಾಕೆ?)

ಅವತ್ತು ಹನ್ನೆರಡಕ್ಕೆ ಪ್ರಾಜೆಕ್ಟ್ ನೋಡಲು ಹೊರಗಿನ ಪರೀಕ್ಷಕರು ಬರುವವರಿದ್ದರು. ಯಲಬುರ್ಗಾ ಕಡೆಯ ಹುಡುಗಿ ಶಿವಲೀಲಾ ಬಸ್ಸಿನ ವೇಳೆ ತೋರಿಸುವ ವೆಬ್‌ಸೈಟ್ ಮಾಡಿದ್ದಳು. ಅವರ ಮನೆಯಲ್ಲೂ ಡಿಗ್ರಿ ಅಂದರೆ ಅವಳದೇ ಮೊದಲು. ಛಲೋ ಮಾಡಿದ್ದಳು. ಒಂದೇ ತಪ್ಪು. ಅದರಲ್ಲಿ ಯಲಬುರ್ಗಾಕ್ಕೆ ಬಸ್ಸೇ ಇರಲಿಲ್ಲ.

ತಿದ್ದಿದ ಫೈಲು ಸಿದ್ಧವಿತ್ತು. ಮನೆಯ ಸರ್ವರಿಗೆ ಮುಟ್ಟಬೇಕು, ಅಷ್ಟೇ. ಇಷ್ಟು ದಿನ ಇಂಥ ಫೈಲುಗಳು ಪೆನ್‌ಡ್ರೈವಿನಲ್ಲಿ ನನ್ನ ಕಿಸೆಯಲ್ಲಿ ಕೂತು ಸಂಜೆ ಬಸ್ಸಿಗೆ ಗಂಗಾವತಿಗೆ ಹೋಗುತ್ತಿದ್ದವು. ‘ಇನ್ನ ಅದು ಬ್ಯಾಡ, ಇಲ್ಲಿಂದನ ಎಸ್‌ಎಸ್‌ಎಚ್ ಮಾಡ್ರಿ’ ಎಂದು ಹಿಂದಿನ ದಿನ ದೊಡ್ಡದಾಗಿ ಹೇಳಿದವನು ನಾನೇ. ದೂರ ಕೂತು ಆ ಯಂತ್ರದೊಳಗೆ ಹೊಕ್ಕು ಕೆಲಸ ಮಾಡುವ ದಾರಿ ಅದು. (ಮನೆಯಲ್ಲೇ ಕೂತು ಮಾಡಿ ನೋಡಿದ್ದೆ, ಆಗಿತ್ತು. ಮನೆಯೊಳಗೇ ಇದ್ದವನಿಗೆ ಬಾಗಿಲ ಚಿಂತೆ ಎಲ್ಲಿಯದು?)

ಶಿವಲೀಲಾ ಪಾಸ್‌ವರ್ಡ್ ಹಾಕಿದಳು. ಪ್ರವೇಶವಿಲ್ಲ. ನಾನು ಹಾಕಿದೆ. ನನಗೂ ಇಲ್ಲ. ವೆಬ್‌ಸೈಟ್ ಮಾತ್ರ ಅದೇ ವಿಳಾಸದಲ್ಲಿ ಆರಾಮಾಗಿ ತೆರೆಯುತ್ತಿತ್ತು.

“ಸರ್, ಸ್ಪೆಲಿಂಗ್ ಒಮ್ಮೆ ನೋಡ್ಕೋರಿ,” ಅಂದಳು. ದಿನಾ ನಾನು ಅವಳಿಗೆ ಹೇಳುವ ಮಾತು.

ಕರೆಂಟ್ ಹೋಗಿದೆಯೇನೋ ಎಂದು ಅವ್ವನಿಗೆ ಫೋನ್ ಹಚ್ಚಿದೆ. ನಮ್ಮದು ಮೂರು ಮನೆಗಳ ವಠಾರ, ಹಿಂದಿನ ಮನೆ ಬಟ್ಟೆ ಹೊಲಿಯುವ ಖಾತೂನಳದು. ಮುಂದೆ ಒಂದೇ ಬಾಗಿಲು. ಅದರ ಕಟ್ಟೆಯ ಮೇಲೆ ಅವ್ವ. “ಯಾರ ಮನಿಗೆ?” ಎಂದು ಕೇಳದೆ ಯಾರನ್ನೂ ಬಿಟ್ಟವಳಲ್ಲ.

“ಅವ್ವಾ, ಆ ಡಬ್ಬಿ ದೀಪ ಹತ್ತೈತೇನು?”

“ಹತ್ತೈತಿ. ತಡಿ, ಯಾರೋ ಬಂದ್ರು. ಯಾರ ಮನಿಗೆ ಬೇ?” ಉತ್ತರ ಕೇಳಿಸಲಿಲ್ಲ. “ಕೈಯಾಗ ಗಂಟ ಐತಲ್ಲ, ಹಿಂದಿನ ಬಾಗಲಕ ಹೋಗವಾ.”

“ಯಾರಬೇ ಅದು?”

“ಯಾರಿಗ್ಗೊತ್ತು. ಖಾತೂನನ ಕಡೆ ಜಂಪರ ಹೊಲಿಸಾಕ ಬರೋರು. ಬಾಯಿ ಬಿಡಂಗಿಲ್ಲ. ಮೊದಲ ನನ್ನ ಮುಂದ ಗಂಟ ಇಟ್ಟು ನಿಂದರತಿದ್ರು. ನಾ ಏನ್ ಹೊಲಿತೀನೇನು? ಅದಕ್ಕ ಹಿಂದಿನ ಬಾಗಲಾ ತಗಿಸೀನಿ. ಅಲ್ಲಿ ಹೊಕ್ಕರ ಸೀದಾ ಖಾತೂನನ ಮನಿ. ಹೆಸರ ಕೇಳೋ ಜರೂರತ್ತ ಇಲ್ಲ.”

ತಪ್ಪು ಎಲ್ಲಿದೆ ಎಂದು ಹೊಳೆದು ಫೋನು ಇಟ್ಟೆ.

ನಮ್ಮ ಮನೆಯ ಯಂತ್ರಕ್ಕೆ ಹೊರಗಿನಿಂದ ನೇರ ದಾರಿ ಇಲ್ಲ. ಅದರ ಮುಂದೆ ಬಾಡಿಗೆಯ ಸರ್ವರ್ ಒಂದನ್ನು ನಿಲ್ಲಿಸಿದ್ದೇನೆ. ಅದರಲ್ಲಿರುವ ರಿವರ್ಸ್ ಪ್ರಾಕ್ಸಿ ಅಂದರೆ ಕಟ್ಟೆಯ ಮೇಲಿನ ಅವ್ವ. ವೆಬ್‌ಸೈಟ್ ಕೇಳಿ ಬಂದವರು ಹೆಸರು ಹೇಳುತ್ತಾರೆ, ಅವರನ್ನು ಆಯಾ ಮನೆಗೆ ಕಳಿಸುತ್ತದೆ. ಎಸ್‌ಎಸ್‌ಎಚ್ ಯಾರ ಮನೆಗೆ ಎಂದು ಹೇಳುವುದೇ ಇಲ್ಲ. ಗಂಟು ಇಳಿಸಿ ಕಟ್ಟೆಯ ಮುಂದೆಯೇ ನಿಲ್ಲುತ್ತದೆ. ಇಷ್ಟೊತ್ತು ನಾವು ಮನೆಯ ಪಾಸ್‌ವರ್ಡನ್ನು ಬಾಡಿಗೆಯ ಸರ್ವರಿಗೆ ಒಪ್ಪಿಸುತ್ತಿದ್ದೆವು. ಅದು ಹೇಗೆ ಒಪ್ಪೀತು?

ಬಾಡಿಗೆ ಸರ್ವರಿನ ಪಾಸ್‌ವರ್ಡ್ ಹಾಕಿ ಒಳಹೊಕ್ಕೆ. ಬೇರೊಂದು ಪೋರ್ಟ್, ಅಂದರೆ ಒಳಬರಲು ಇನ್ನೊಂದು ಬಾಗಿಲು, ತೆರೆದೆ. ‘ಇಲ್ಲಿ ಬಂದದ್ದನ್ನು ಏನೂ ಕೇಳದೆ ಸೀದಾ ಮನೆಯ ಯಂತ್ರಕ್ಕೆ ಕಳಿಸು’ ಎಂದು ನಾಲ್ಕು ಸಾಲು ಬರೆದೆ. ಅವ್ವನ ಹಿಂದಿನ ಬಾಗಿಲಿನ ಕಥೆಯನ್ನು ನನ್ನಿಂದ ಕೇಳಿ ನಕ್ಕ ಶಿವಲೀಲಾ ಆ ಪೋರ್ಟಿನಿಂದ ಹೋದಳು. ಹನ್ನೊಂದೂ ಮುಕ್ಕಾಲಿಗೆ ಯಲಬುರ್ಗಾಕ್ಕೆ ಬಸ್ಸು ಬಂತು.

ಪರೀಕ್ಷಕರು ಎಲ್ಲ ನೋಡಿದರು. “ಎಸ್‌ಎಸ್‌ಎಚ್‌ಗೆ ಬೇರೆ ಪೋರ್ಟ್ ಯಾಕಮ್ಮ?”

“ಅದು ಯಾರ ಮನಿಗೆ ಅಂತ ಹೇಳಂಗಿಲ್ರಿ ಸರ್. ಅದಕ್ಕ ಹಿಂದಿನ ಬಾಗಲಾ ಕೊಟ್ಟೀವ್ರಿ.”

“ಇದು ಯಾವ ಪುಸ್ತಕದಾಗ ಐತಿ?”

ಅವಳು ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ. ಅವರು ನಕ್ಕು ಮಾರ್ಕ್ಸ್ ಬರೆದರು, ಕೈ ಬಿಗಿ ಹಿಡಿಯದೆ ಬರೆದರು.

ಸಂಜೆ ಮನೆಗೆ ಬಂದವನೇ ಅವ್ವನಿಗೆ ಎಲ್ಲ ಬಿಡಿಸಿ ಹೇಳಿದೆ. ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿದಳು. ಆಮೇಲೆ ಗೋಡೆಯ ಸರ್ಟಿಫಿಕೇಟಿನ ಕಡೆ ಒಮ್ಮೆ ನೋಡಿದಳು.

“ಇಷ್ಟ ತಿಳಿಯಾಕ ನಿನಗ ಅಷ್ಟ ದೊಡ್ಡ ಕಾಗದ ಬೇಕಾತೇನಪಾ?”