ಆಚಾರ್ರ ಕಿಸೆಯ ಬ್ಯಾಟರಿ

ಆಚಾರ್ರ ಅಂಗಿಯ ಕಿಸೆ ಯಾವಾಗಲೂ ಜೋತುಬಿದ್ದಿರುತ್ತಿತ್ತು. ಅದರ ಹೊಲಿಗೆ ಬಿಟ್ಟಾಗಲೆಲ್ಲ ಅವರ ಹೆಂಡತಿ ಕೈಗೆ ಸಿಕ್ಕಿದ ಕಪ್ಪು ನೂಲಿನಲ್ಲಿ ಹೊಲಿದುಕೊಡುತ್ತಿದ್ದರು. ಬಿಳಿ ಅಂಗಿಯ ಮೇಲೆ ಆ ಕಪ್ಪು ಗೆರೆ ದೂರದಿಂದಲೇ ಕಾಣುತ್ತಿತ್ತು. ಕಿಸೆಗೆ ಆ ಗತಿ ತಂದದ್ದು, ಬಡಗಿಯಾದ ಅವರು ಮರ ಕೊರೆಯುತ್ತಿದ್ದ ಜಿಗ್‌ಸಾ ಮಿಷನ್ನಿನ ಬ್ಯಾಟರಿ. ಒಡೆದ ಇಟ್ಟಿಗೆಯಷ್ಟು ಭಾರ. ಬ್ಲೇಡಿಗೆ ಕೈ ಹಾಕುವ ಮೊದಲು ಆಚಾರ್ರು ಬ್ಯಾಟರಿ ಕಳಚಿ ಕಿಸೆಗೆ ಇಳಿಸುತ್ತಿದ್ದರು. ಮೇಜಿನ ಮೇಲೆ ಇಡುತ್ತಲೇ ಇರಲಿಲ್ಲ.

"ಮೇಜಿನ ಮೇಲೆ ಇಟ್ಟರೆ ಯಾರಾದರೂ ಉಪಕಾರ ಮಾಡ್ಲಿಕ್ಕೆ ಬರ್ತಾರೆ ಮಾರಾಯ" ಎನ್ನುತ್ತಿದ್ದರು.

ಅಂಥ ಮನುಷ್ಯನನ್ನು ಪುಂಜಾಲಕಟ್ಟೆಯಿಂದ ಬಿ.ಸಿ.ರೋಡಿನವರೆಗೆ ಎಲ್ಲರೂ ಜಾಗ್ರತೆಯಿಲ್ಲದೆ ಕೈ ಹಾಳುಮಾಡಿಕೊಂಡವರೆಂದು ನೆನಪಿಟ್ಟುಕೊಂಡಿದ್ದಾರೆ. ಅದು ಶುದ್ಧ ಸುಳ್ಳು. ಆ ಸುಳ್ಳನ್ನು ಇಷ್ಟು ವರ್ಷ ಸಾಕಿದವನು ನಾನು.

ನಾನು ಬೋರ್ಡು ಬರೆಯುವ ಪೈಂಟರ್. ತೊಂಬತ್ತರ ದಶಕದ ಕೊನೆಗೆ ಅಂಗಡಿಯವರಿಗೆಲ್ಲ ಪ್ಲೈವುಡ್ಡಿನಲ್ಲಿ ಕೊರೆದ ಅಕ್ಷರಗಳ ಹುಚ್ಚು ಹಿಡಿಯಿತು. ನಾನು ಅಕ್ಷರ ಬರೆದುಕೊಟ್ಟರೆ ಆಚಾರ್ರು ಕೊರೆಯುತ್ತಿದ್ದರು. ಪುಂಜಾಲಕಟ್ಟೆಯಲ್ಲಿ ಇಬ್ಬರಿಗೂ ಒಂದೇ ಶೆಡ್ಡು. ಮೊದಲೆಲ್ಲ ಕೈಗರಗಸ. ಆಮೇಲೆ, ಆಚಾರ್ರ ಕೈಯಿಂದ ಮನೆಯ ಬಾಗಿಲು ಮಾಡಿಸಿಕೊಂಡಿದ್ದ ನರಿಕೊಂಬಿನ ಬ್ಯಾರಿಯೊಬ್ಬರು ದುಬೈಯಿಂದ ಬರುವಾಗ ಈ ಬ್ಯಾಟರಿ ಜಿಗ್‌ಸಾ ತಂದುಕೊಟ್ಟರು. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ನಮ್ಮ ಊರಿನಲ್ಲಿ ಅದಕ್ಕಿಂತ ದೊಡ್ಡ ಉಡುಗೊರೆ ಇರಲಿಲ್ಲ.

ಕನ್ನಡ ಅಕ್ಷರವೆಂದರೆ ಬರೀ ತಿರುವು. ಆಚಾರ್ರಿಗೆ ಅವಸರವೆಂಬುದೇ ಗೊತ್ತಿರಲಿಲ್ಲ. ತಿರುವಿಗೆ ಸಪೂರ ಬ್ಲೇಡು, ನೇರಕ್ಕೆ ಅಗಲದ್ದು. ನೇರ ಕೊರೆಯುವಾಗ ಪಕ್ಕದಲ್ಲಿ ಒಂದು ರೀಪು, ಮರದ ನೇರ ಪಟ್ಟಿ, ಬಿಗಿದು, ಮಿಷನ್ನನ್ನು ಅದಕ್ಕೆ ತಾಗಿಸಿಕೊಂಡೇ ನಡೆಸಬೇಕು. ಅಕ್ಷರದ ಹೊಟ್ಟೆಯೊಳಗಿನ ಭಾಗ ತೆಗೆಯಬೇಕಿದ್ದರೆ ಮೊದಲು ಬೈರಿಗೆಯಲ್ಲಿ ತೂತು ಹಾಕಿ, ಬ್ಲೇಡನ್ನು ಅದರೊಳಗೆ ಇಳಿಸಿ, ಆಮೇಲೆ ಸ್ವಿಚ್ಚು. "ದೂಡಬೇಡ, ಅದು ಹೋದ ಹಾಗೆ ಹೋಗುವ" ಎಂದು ನನಗೂ ಕಲಿಸಿದರು. ಪ್ರತಿ ಸಲ ಶುರು ಮಾಡುವ ಮೊದಲು ಹಲಗೆಯ ಅಡಿಗೆ ಬಗ್ಗಿ ನೋಡಿ, "ಅಡಿಯಲ್ಲಿ ಯಾರೂ ಇಲ್ವಲ್ಲ?" ಎಂದು ಕೇಳುತ್ತಿದ್ದರು. ಅಡಿಯಲ್ಲಿ ಇರುವುದು ಅವರದೇ ಕಾಲು. ನಾನು ನಗುತ್ತಿದ್ದೆ.

ಅದು ಏಪ್ರಿಲ್ ತಿಂಗಳು. ಮೂಡುಬಿದಿರೆಯ ಒಂದು ಜವಳಿ ಅಂಗಡಿಯ ಬೋರ್ಡು ಸಂಜೆ ಜೀಪಿನಲ್ಲಿ ಹೋಗಬೇಕಿತ್ತು. ತಗಡಿನ ಮಾಡಿನ ಅಡಿಯಲ್ಲಿ ಸೆಕೆ ತಡೆಯಲಾರದೆ ಆಚಾರ್ರು ಅಂಗಿ ಬಿಚ್ಚಿ ಮೊಳೆಗೆ ತೂಗುಹಾಕಿದ್ದರು. ಒಂದು ಉದ್ದದ ತಿರುವು ಕೊರೆಯುತ್ತಿದ್ದಾಗ ಚಾರ್ಜು ಮುಗಿದು ಮಿಷನ್ನು ನಿಂತಿತು. ಕೈ ಸೋಲಬಾರದೆಂದು ಸ್ವಿಚ್ಚನ್ನು ಒತ್ತಿ ಲಾಕು ಮಾಡಿದ್ದರು. ಅದು ಹಾಗೆಯೇ ಆನ್ ಆಗಿ ಉಳಿದದ್ದು ಇಬ್ಬರಿಗೂ ಹೊಳೆಯಲಿಲ್ಲ. ಬ್ಯಾಟರಿ ಕಳಚಿದ ಅವರ ಕೈ ಅಭ್ಯಾಸದಿಂದ ಎದೆಗೆ ಹೋಯಿತು. ಅಲ್ಲಿ ಕಿಸೆ ಇಲ್ಲ. ನಗುತ್ತಾ ನನ್ನ ಕೈಗೆ ಕೊಟ್ಟರು.

"ಇವತ್ತು ನೀನೇ ನನ್ನ ಕಿಸೆ."

ಬ್ಲೇಡು ಬಾಗಿತ್ತು. ಮಿಷನ್ನನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಎಡಗೈಯಲ್ಲಿ ಬ್ಲೇಡು ಹಿಡಿದು, ಅದರ ಸ್ಕ್ರೂ ಸಡಿಲಿಸತೊಡಗಿದರು. "ಇನ್ನೊಂದು ಬ್ಯಾಟರಿ ಚಾರ್ಜ್ ಆಗಿದೆಯಾ ನೋಡು" ಎಂದರು. ನೋಡಲು ಹೇಳಿದ್ದು, ಅಷ್ಟೇ. ಆಗಿತ್ತು. ಬ್ಯಾಟರಿ ಕೂರುವ ಹಿಡಿಯ ತುದಿ ನನ್ನ ಕಡೆಗೇ ಇತ್ತು. ಒಂದು ಕೆಲಸ ಮುಗಿಯಲಿ ಎಂದು ತಂದವನೇ ಸಿಕ್ಕಿಸಿಬಿಟ್ಟೆ.

ಉಪಕಾರ ಮಾಡಿದೆ.

ಮಿಷನ್ನು ಅವರ ಕೈಯೊಳಗೇ ಓಡತೊಡಗಿತು. ನನಗೆ ಬ್ಯಾಟರಿ ಕೀಳಲೂ ತಿಳಿಯಲಿಲ್ಲ. ಅವರೇ ಬಲಗೈಯಿಂದ ಕಿತ್ತು ಎಸೆದರು. ನಾನು ಮೊಳೆಯ ಮೇಲಿದ್ದ ಅವರ ಅಂಗಿಯನ್ನೇ ತೆಗೆದು ಕೈಗೆ ಸುತ್ತಿದೆ. ಆಸ್ಪತ್ರೆಗೆಂದು ಮಂಗಳೂರಿಗೆ ಹೊರಟ ಜೀಪು ಬಂಟ್ವಾಳ ದಾಟಿತು. ಆಗ ಆಚಾರ್ರು ಹೇಳಿದರು: "ಬ್ಯಾಟರಿ ತೆಗೀಲಿಕ್ಕೆ ನಾನು ಮರೆತೆ. ಯಾರು ಕೇಳಿದರೂ ಹಾಗೇ ಹೇಳು."

"ಆಚಾರ್ರೇ, ಹಾಕಿದ್ದು ನಾನಲ್ವಾ?"

"ಸ್ವಿಚ್ಚು ನೋಡದವ ನಾನು. ನಿನ್ನ ಹೆಸರು ಹೇಳಿದರೆ ನನ್ನ ಬೆರಳು ಬರ್ತದಾ?"

ತೋರುಬೆರಳು ಅರ್ಧಕ್ಕೆ ಹೋಯಿತು. ನಡುಬೆರಳು ಮತ್ತೆ ಮಡಚಲಿಲ್ಲ. ಅದು ಉಳಿ ಹಿಡಿಯುವ ಕೈ. ಬೆಳ್ತಂಗಡಿಯ ಒಬ್ಬ ಕಂಟ್ರಾಕ್ಟರರು ತಮ್ಮ ಆಳುಗಳಿಗೆ ಮಿಷನ್ನಿನ ಕೆಲಸ ಕಲಿಸಲು ಆಚಾರ್ರನ್ನು ಮೇಸ್ತ್ರಿಯಾಗಿ ಕರೆದಿದ್ದರು. ಶೆಡ್ಡಿಗೆ ಬಂದು ಕೈ ನೋಡಿ, "ನಿಮ್ಮ ಕೈ ನೀವೇ ನೋಡಿಕೊಳ್ಳಲಿಲ್ಲ, ಬೇರೆಯವರಿಗೆ ಏನು ಹೇಳಿಕೊಡ್ತೀರಿ?" ಎಂದರು. ಉಳಿ ಹಿಡಿಯಲಾಗದವರಿಗೆ ಉಳಿದಿದ್ದ ಮರ್ಯಾದೆಯ ಕೆಲಸ ಅದೊಂದೇ. ನಾನು ಮೂರು ಅಡಿ ದೂರದಲ್ಲಿ ಬ್ರಶ್ಶು ತೊಳೆಯುತ್ತಿದ್ದೆ. ತೊಳೆಯುತ್ತಲೇ ಇದ್ದೆ. ಆಚಾರ್ರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಕೊರೆಯುವವನು ನಾನೇ ಆದೆ. ಅವರು ಸ್ಟೂಲಿನಲ್ಲಿ ಕೂತು ಅಕ್ಷರಗಳಿಗೆ ಉಪ್ಪುಕಾಗದ ಉಜ್ಜುತ್ತಿದ್ದರು. ಬ್ಲೇಡು ಬದಲಿಸಬೇಕಾದಾಗಲೆಲ್ಲ ಬ್ಯಾಟರಿ ಕಳಚಿ, ಅವರ ಬಳಿಗೆ ನಡೆದುಹೋಗಿ, ಅವರ ಕಿಸೆಗೆ ಹಾಕುತ್ತಿದ್ದೆ. ಅವರು ಕಿಸೆಯನ್ನು ಒಮ್ಮೆ ಮುಟ್ಟಿ ನೋಡಿ, "ಹಾಂ, ಈಗ ಕೈ ಹಾಕು" ಎನ್ನುತ್ತಿದ್ದರು. ಏಳೆಂಟು ವರ್ಷ ಹೀಗೆ ನಡೆಯಿತು. ಅವರು ಒಂದು ದಿನವೂ ಚುಚ್ಚಿ ಮಾತಾಡಲಿಲ್ಲ. ಚುಚ್ಚಿದ್ದರೆ ನನಗೆ ಹಗುರಾಗುತ್ತಿತ್ತು.

ಒಂದು ಬೆಳಿಗ್ಗೆ ಎದೆನೋವೆಂದು ಕೂತವರು ಏಳಲಿಲ್ಲ. ಅಂಗಳದಲ್ಲಿ ಜನ ಸೇರಿದ್ದಾಗ ಅದೇ ಕಂಟ್ರಾಕ್ಟರರು, "ಒಳ್ಳೆ ಕೆಲಸಗಾರ. ಸ್ವಲ್ಪ ಜಾಗ್ರತೆ ಇದ್ದಿದ್ದರೆ..." ಎಂದರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ನನ್ನ ಜೀವಮಾನದಲ್ಲಿ ಅದಕ್ಕಿಂತ ನೀಚ ಕೆಲಸ ನಾನು ಮಾಡಿಲ್ಲ.

ಇದನ್ನು ಬರೆದ ಮೇಲೆ ಮೊದಲು ಅವರ ಹೆಂಡತಿಗೆ ಓದಿ ಹೇಳಬೇಕೆನಿಸಿ ಹೋದೆ. ಜಗಲಿಯಲ್ಲಿ ಕೂತು ಓದಿದೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಬೈಯಲಿಲ್ಲ.

"ಅವರು ಮರೆಯುವವರಲ್ಲ ಅಂತ ನನಗೆ ಗೊತ್ತಿತ್ತು ಪೈಂಟರ್ರೇ" ಎಂದರು. "ಆ ವಾರ ಕಿಸೆಯ ಹೊಲಿಗೆ ಬಿಟ್ಟಿತ್ತು. ಹೊಲಿದುಕೊಡು ಅಂತ ಹೇಳಿದ್ದರು. ನಾಳೆ ಹೊಲಿಯುವ ಅಂತ ನಾನು ಬಿಟ್ಟಿದ್ದೆ. ಕಿಸೆ ಇಲ್ಲದ್ದಕ್ಕೇ ಹಾಗಾಯ್ತು ಅಂತ ನಾನು ಇಷ್ಟು ವರ್ಷ..."

ಆಚಾರ್ರು ಅಂಗಿಯನ್ನು ಮೊಳೆಗೆ ತೂಗುಹಾಕಿದ್ದ ಭಾಗವನ್ನು ನಾನು ಇನ್ನೊಮ್ಮೆ ಓದಿದೆ.

"ಅವತ್ತು ಅಂಗಿಯೇ ಹಾಕಿರ್ಲಿಲ್ವಾ?" ಎಂದು ಕೇಳಿದರು.

"ಇಲ್ಲ ಅಕ್ಕ. ಸೆಕೆಗೆ ತೆಗೆದಿಟ್ಟಿದ್ದರು. ಕಿಸೆ ಹೊಲಿದಿದ್ದರೂ ಅದು ಮೊಳೆಯ ಮೇಲೇ ಇರ್ತಿತ್ತು."

"ಹಾಕಿರ್ಲೇ ಇಲ್ವಾ?" ಎಂದು ಮತ್ತೊಮ್ಮೆ ಕೇಳಿದರು.