ಬ್ಯಾನರಿನ ಕೆಳಗಿನ ಹೆಸರು

ಪುಟ್ಟಯ್ಯನವರು ಕೂತಿದ್ದನ್ನು ನಾನು ಇಪ್ಪತ್ತು ವರ್ಷದಲ್ಲಿ ಒಂದೇ ಸಲ ನೋಡಿದ್ದೇನೆ. ಅದೂ ಬಸವನಗುಡಿಯ ನಮ್ಮ ಕಾಲೇಜಿನ ಪ್ರಿನ್ಸಿಪಾಲರ ಕೋಣೆಯಲ್ಲಿ, ಕಳೆದ ಜೂನ್ ತಿಂಗಳ ಒಂದು ಬುಧವಾರ. ಉಳಿದಂತೆ ಅವರು ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ಚಾಮರಾಜಪೇಟೆಯಲ್ಲಿ ನಮ್ಮ ರಸ್ತೆಯ ತುದಿಗೆ ಅವರ ಬ್ಯಾನರ್ ಅಂಗಡಿ. ಬಟ್ಟೆಯನ್ನು ಹೊರಗಿನ ಗೋಡೆಗೆ ಬಿಗಿದು ನಿಂತೇ ಬರೆಯುತ್ತಾರೆ. ನಾಲ್ಕಕ್ಷರ ಬರೆದರೆ ರಸ್ತೆ ದಾಟಿ ಆಚೆ ಬದಿಗೆ ಹೋಗಿ ನೋಡಬೇಕು, ಮತ್ತೆ ದಾಟಿ ಬರಬೇಕು. ಆಟೋದವರಿಂದ ಬೈಸಿಕೊಳ್ಳುವುದು ಅವರ ದಿನಚರಿ. "ಊಟಾನೂ ನಿಂತ್ಕೊಂಡೇ ಮಾಡ್ತಾರೆ, ಕುದುರೆ ಥರ" ಎಂದು ಅವರ ಹೆಂಡತಿ ವಿಶಾಲಮ್ಮ ಗಿರಾಕಿಗಳ ಎದುರಿಗೇ ಹೇಳುತ್ತಾರೆ. ಪುಟ್ಟಯ್ಯನವರು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಅರವತ್ತಮೂರು ವರ್ಷ. ಮಾಗಡಿ ಕಡೆಯವರು. ಹದಿನೇಳಕ್ಕೆ ಬೆಂಗಳೂರಿಗೆ ಬಂದು, ಕಾಟನ್‌ಪೇಟೆಯಲ್ಲಿ ಸಿನಿಮಾ ಬೋರ್ಡು ಬರೆಯುತ್ತಿದ್ದವರೊಬ್ಬರ ಹತ್ತಿರ ಬ್ರಷ್ ತೊಳೆದು ತೊಳೆದು ಅಕ್ಷರ ಕಲಿತರು. ಗಣೇಶನ ಪೆಂಡಾಲು, ಕನ್ನಡ ರಾಜ್ಯೋತ್ಸವ, ಚುನಾವಣೆ, ಮದುವೆ ಛತ್ರ, ಎಲ್ಲವನ್ನೂ ಬರೆದರು. ಫ್ಲೆಕ್ಸ್ ಬಂತು, ಅಂಗಡಿ ಮುಚ್ಚುವ ಹಾಗಾಯಿತು. ಆಮೇಲೆ ಫ್ಲೆಕ್ಸ್ ಮೇಲೆ ನಿಷೇಧ ಬಂತು, ಬಟ್ಟೆಗೆ ಮತ್ತೆ ಸ್ವಲ್ಪ ಬೆಲೆ ಬಂತು. ಇದರ ನಡುವೆ ಅವರು ಬಿಡದೆ ಉಳಿಸಿಕೊಂಡ ನಿಯಮ ಒಂದೇ: ಬ್ಯಾನರ್ ಎಂದ ಮೇಲೆ ಕೆಳಗೆ ಹೆಸರಿರಬೇಕು. ಶುಭ ಕೋರುವವರು ಯಾರು, ಸ್ವಾಗತಿಸುವವರು ಯಾರು, ಕಣ್ಣೀರು ಹಾಕುವವರು ಯಾರು, ಎಲ್ಲಕ್ಕೂ ಹೆಸರು. ನಮ್ಮೂರಿನಲ್ಲಿ ಬ್ಯಾನರ್ ಕಟ್ಟಿಸುವುದೇ ಕೆಳಗಿನ ಆ ಸಾಲಿಗಾಗಿ ಎಂಬುದು ನಿಮಗೂ ಗೊತ್ತು. ಹೆಸರೇ ಇಲ್ಲದಿದ್ದರೆ ಅದು ಮೂಗರ್ಜಿ ಎನ್ನುವುದು ಅವರ ವಾದ.

ನಾನು ಆ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹೆಸರು ಸುಪ್ರಜಾ. ಪ್ರತಿ ನವೆಂಬರಿನಲ್ಲೂ ಕಾಲೇಜಿನ ಬ್ಯಾನರ್ ಬರೆಸಲು ಪುಟ್ಟಯ್ಯನವರ ಹತ್ತಿರ ಹೋಗುವವಳು ನಾನೇ. ಮೇ ಕೊನೆಯಲ್ಲಿ ಧೃತಿ ಎಂಬ ಹುಡುಗಿಯನ್ನು ಅವರ ಅಂಗಡಿಗೆ ಕಳಿಸಿದವಳೂ ನಾನೇ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವುದು ಕಷ್ಟವಾಗುತ್ತದೆ.

ಧೃತಿ ಬಿ.ಎಸ್ಸಿ. ಮೂರನೇ ವರ್ಷದ ಎಲೆಕ್ಟ್ರಾನಿಕ್ಸ್. ತರಗತಿಗೆ ಮೊದಲಿಗಳು. ಅವಳೂ ಅವಳ ಜೊತೆಯ ಮೂವತ್ತು ಜನರೂ ವರ್ಷದಿಂದ ಒಂದು ಕೆಲಸ ಮಾಡುತ್ತಿದ್ದರು. ಎಲ್ಲೋ ಯುದ್ಧದಲ್ಲಿ ಸತ್ತ ಮಕ್ಕಳ ಹೆಸರನ್ನು ಚೀಟಿಯಲ್ಲಿ ಬರೆದು ಅಂಗಿಗೆ ಪಿನ್ ಮಾಡಿಕೊಂಡು ತರಗತಿಗೆ ಬರುತ್ತಿದ್ದರು. ಗಲಾಟೆ ಇಲ್ಲ, ಘೋಷಣೆ ಇಲ್ಲ. ನಾವು ಮೇಷ್ಟ್ರುಗಳು ಚೀಟಿ ಓದಿಯೂ ಓದದವರ ಹಾಗೆ ಹಾಜರಿ ತೆಗೆದುಕೊಳ್ಳುತ್ತಿದ್ದೆವು. ಅಷ್ಟರಲ್ಲಿ ಕಾಲೇಜು ಒಂದು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಅವರು ನಮಗೆ ಡ್ರೋನ್ ಲ್ಯಾಬ್ ಕಟ್ಟಿಕೊಡುತ್ತಾರೆ, ನಮ್ಮ ಹುಡುಗರು ಅವರಿಗೆ ಕೆಲಸ ಮಾಡಿಕೊಡುತ್ತಾರೆ. ಆ ಕಂಪನಿಯ ಸಾಮಾನು ಯಾವ ಯುದ್ಧಕ್ಕೆ ಹೋಗುತ್ತದೆ ಎಂಬುದನ್ನು ಧೃತಿ ಅವರದೇ ವೆಬ್‌ಸೈಟಿನಿಂದ ಹುಡುಕಿ ತೆಗೆದಳು.

"ನಾನಿಲ್ಲಿ ಬೆಸುಗೆ ಹಾಕಿದ್ದು ಅಲ್ಲಿ ಯಾರ ಮನೆ ಮೇಲೆ ಬೀಳತ್ತೆ ಮೇಡಮ್? ಅದು ಗೊತ್ತಾದ್ಮೇಲೂ ಹೇಗೆ ಹಾಕ್ಲಿ?" ಎಂದು ಕಾರಿಡಾರಿನಲ್ಲಿ ಕೇಳಿದಳು. ಲ್ಯಾಬಿನ ಉದ್ಘಾಟನೆಯ ದಿನ ಒಂದು ಬ್ಯಾನರ್ ಇಳಿಬಿಡಬೇಕು, ಪ್ರಿಂಟಿಂಗಿನವರು ವಿಷಯ ನೋಡಿದ ಕೂಡಲೇ ಆಗುವುದಿಲ್ಲ ಎನ್ನುತ್ತಿದ್ದಾರೆ ಎಂದಳು. ನಾನು ಹುಡುಗರ ಉದ್ದನೆಯ ವಾಕ್ಯವನ್ನು ಕತ್ತರಿಸಿ, ಒಂದು ಚೀಟಿಯಲ್ಲಿ "ಪಾಠ ಸಾಕು, ಬಾಂಬ್ ಬೇಡ" ಎಂದು ಬರೆದುಕೊಟ್ಟೆ. ಪುಟ್ಟಯ್ಯನವರ ವಿಳಾಸವನ್ನೂ ಕೊಟ್ಟೆ. ಕೊಟ್ಟು, ಆ ಸಂಜೆ ಮನೆಗೆ ಹೋಗುವಾಗ ಬಹಳ ದೊಡ್ಡ ಕೆಲಸ ಮಾಡಿದವಳ ಹಾಗೆ ಬೀಗಿದೆ.

ಅಂಗಡಿಯಲ್ಲಿ ನಡೆದದ್ದು ಇಷ್ಟು. ಪುಟ್ಟಯ್ಯನವರು ನನ್ನ ಚೀಟಿ ಓದಿ, ಎಂದಿನಂತೆ, "ಹೆಸರು ಹೇಳಮ್ಮ" ಎಂದರು. ಬಿಲ್ಲಿಗೆ ಇರಬೇಕು ಎಂದುಕೊಂಡ ಧೃತಿ ಹೆಸರು, ವರ್ಷ, ವಿಭಾಗ ಎಲ್ಲ ಹೇಳಿದಳು. ಶುಕ್ರವಾರ ಸಂಜೆ ಸುತ್ತಿ ಕಟ್ಟಿದ ಬಟ್ಟೆಯನ್ನು ಬ್ಯಾಗಿಗೆ ತುರುಕಿಕೊಂಡು ಹೋದಳು. ಯಾರಾದರೂ ನೋಡಿಯಾರು ಎಂಬ ಭಯಕ್ಕೆ ಯಾರೂ ಬಿಚ್ಚಿ ನೋಡಲಿಲ್ಲ.

ಶನಿವಾರ ಹತ್ತೂವರೆಗೆ ಅತಿಥಿಗಳ ಕಾರು ಒಳಗೆ ಬಂತು. ಎರಡನೇ ಮಹಡಿಯ ಕಂಬಿಯಿಂದ ಬ್ಯಾನರ್ ಇಳಿಯಿತು. ನೀಲಿ ಅಕ್ಷರ ಎಷ್ಟು ಚೆನ್ನಾಗಿತ್ತೆಂದರೆ ಒಂದು ಕ್ಷಣ ಎಲ್ಲರೂ ತಲೆಯೆತ್ತಿ ಸುಮ್ಮನೆ ಓದಿದರು. ಆಮೇಲೆ ಕೊನೆಯ ಸುತ್ತು ಬಿಚ್ಚಿಕೊಂಡಿತು. ಕೈಮುಗಿದ ಎರಡು ಹಸ್ತಗಳ ಚಿತ್ರ, ಅದರ ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ: "ಇಂತಿ, ಕು. ಧೃತಿ, ಮೂರನೇ ವರ್ಷ, ಎಲೆಕ್ಟ್ರಾನಿಕ್ಸ್ ವಿಭಾಗ." ಕೆಳಗೆ ನಿಂತಿದ್ದ ಹುಡುಗರು ಗೊಳ್ಳೆಂದು ನಕ್ಕರು. ನನಗೂ ನಗು ಬಂತು. ಧೃತಿ ಮೇಲಿಂದ ಬಗ್ಗಿ ನೋಡಿದಾಗ ಎಲ್ಲರ ನಗು ನಿಂತಿತು.

ಪ್ರಿನ್ಸಿಪಾಲ್ ಶ್ರೀನಿವಾಸಯ್ಯನವರು ಕೆಟ್ಟವರಲ್ಲ. "ನನ್ನ ಕೈಲೇನಿದೆ ಹೇಳಿ" ಎನ್ನುವುದನ್ನು ಮಾತ್ರ ಮೂವತ್ತು ವರ್ಷದಿಂದ ಅಭ್ಯಾಸ ಮಾಡಿದವರು. ಆಡಳಿತ ಮಂಡಳಿ ರೇಗಾಡಿತು. ಒಂದು ವಿಚಾರಣಾ ಸಮಿತಿಯಾಯಿತು. ಪ್ರಿನ್ಸಿಪಾಲರು, ನಾನು, ಮಂಡಳಿಯ ಒಬ್ಬರು. ಧೃತಿ ಉಳಿದವರ ಹೆಸರು ಕೊಡಬೇಕು, ಕ್ಷಮಾಪಣೆ ಬರೆಯಬೇಕು. ಇಲ್ಲವಾದರೆ ಹಾಲ್ ಟಿಕೆಟ್ ಇಲ್ಲ. ಕೊನೆಯ ಸೆಮಿಸ್ಟರಿನ ಪರೀಕ್ಷೆ ಮುಂದಿನ ಸೋಮವಾರ. ಅವಳ ಜೊತೆಗಿದ್ದ ಮೂವತ್ತು ಜನ ಆಗಲೇ ಫೋನಿನಿಂದ ವಾಟ್ಸಾಪ್ ಗ್ರೂಪ್ ಅಳಿಸಿದ್ದರು.

ಆ ಸಂಜೆ ಅಂಗಡಿಗೆ ಹೋಗಿ ಕೂಗಾಡಿದೆ. ನನ್ನ ಮೇಲಿನ ಸಿಟ್ಟನ್ನು ಅವರ ಮೇಲೆ ತೀರಿಸಿಕೊಂಡೆ ಎಂದರೂ ಸರಿಯೇ.

"ಯಾಕ್ರೀ ಅವಳ ಹೆಸರು ಹಾಕಿದ್ರಿ?"

"ಇನ್ಯಾರದ್ದು ಹಾಕ್ಲಿ ಮೇಡಮ್?" ಎಂದರು. ನಿಜಕ್ಕೂ ಅರ್ಥವಾಗದೆ ಕೇಳಿದರು. "ಅಂಥ ಒಳ್ಳೇ ಮಾತು. ಯಾರು ಹೇಳಿದ್ದು ಅಂತ ಜನಕ್ಕೆ ಗೊತ್ತಾಗೋದು ಬೇಡ್ವ?"

ಹಾಲ್ ಟಿಕೆಟಿನ ವಿಷಯ ಹೇಳಿದೆ. ಬ್ರಷ್ ಡಬ್ಬಿಗೆ ಹಾಕಿ, ಮತ್ತೆ ತೆಗೆದು, ರಸ್ತೆ ದಾಟಿ, ಏನೂ ಬರೆಯದ ಖಾಲಿ ಬಟ್ಟೆಯನ್ನು ಆಚೆಯಿಂದ ನೋಡುತ್ತ ನಿಂತರು.

ಭಾನುವಾರ ಎರಡು ಸಲ ನನ್ನ ಮನೆಗೆ ಬಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ, ಬಾಗಿಲಲ್ಲೇ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ಅದೇ ಮಾತು: "ಏನಾದ್ರೂ ಆಯ್ತಾ ಮೇಡಮ್?" ಸೋಮವಾರ ಚಾಮರಾಜಪೇಟೆಯಿಂದ ಕಾಲೇಜಿನವರೆಗೆ ನಡೆದುಕೊಂಡು ಹೋಗಿ ಗೇಟಿನಿಂದ ವಾಪಸ್ಸಾದರು. ಮಂಗಳವಾರವೂ ಹಾಗೆಯೇ. ಒಂದು ನಾಮಕರಣದ ಬ್ಯಾನರಿನಲ್ಲಿ ಮಗುವಿನ ಹೆಸರನ್ನೇ ಬರೆಯದೆ ಕಳಿಸಿದರಂತೆ. ನಾನೂ ಅಷ್ಟೇ, ಆ ನಾಲ್ಕು ದಿನ ನಿಂತಲ್ಲಿ ನಿಲ್ಲಲಿಲ್ಲ. ವ್ಯತ್ಯಾಸ ಏನೆಂದರೆ, ಅವರು ಹೇಗೆ ಹೇಳುವುದು ಎಂದು ಚಡಪಡಿಸುತ್ತಿದ್ದರು, ನಾನು ಹೇಗೆ ಹೇಳದೇ ಇರುವುದು ಎಂದು.

ಬುಧವಾರ ಹನ್ನೊಂದಕ್ಕೆ ವಿಚಾರಣೆ. ಧೃತಿ ಹೆಸರು ಕೊಡುವುದಿಲ್ಲ ಎಂದಳು. ಕ್ಷಮಾಪಣೆ ಯಾವುದಕ್ಕೆ ಬರೆಯಬೇಕು ಎಂದು ಕೇಳಿದಳು. ಅಷ್ಟರಲ್ಲಿ ಕಾವಲಿನವನ ಜೊತೆ ಜಗಳವಾಡುತ್ತಲೇ ಪುಟ್ಟಯ್ಯನವರು ಒಳಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಉಗುರಿನ ಸಂದಿಯಲ್ಲಿ ನೀಲಿ ಬಣ್ಣ.

"ತಪ್ಪು ನಂದು ಸಾರ್. ಈ ಮಗು ಹೆಸರು ಹಾಕಿ ಅಂತ ಹೇಳ್ಲೇ ಇಲ್ಲ, ನಾನೇ ಹಾಕ್ಬಿಟ್ಟೆ."

ಶ್ರೀನಿವಾಸಯ್ಯನವರ ಮುಖ ಅರಳಿತು. ಅವರಿಗೂ ಆ ಹುಡುಗಿಯ ಪರೀಕ್ಷೆ ಕೆಡಿಸಲು ಇಷ್ಟವಿರಲಿಲ್ಲ. "ಕೂತ್ಕೊಳ್ಳಿ, ಕೂತ್ಕೊಳ್ಳಿ. ಅದನ್ನೇ ಬರ್ದುಕೊಡಿ. ಅವಳ ಹೆಸರು ತಪ್ಪಿ ಬಂದಿದೆ ಅಂತ" ಎಂದರು.

ಪುಟ್ಟಯ್ಯನವರು ಕೂತರು. ಪೆನ್ನು ಅವರ ಕೈಗೆ ಹೊಂದಲಿಲ್ಲ. ಒಂದೊಂದೇ ಅಕ್ಷರವನ್ನು ದುಂಡಗೆ ಬರೆದು ಮುಗಿಸಿದರು. ಶ್ರೀನಿವಾಸಯ್ಯನವರು ಓದಿ ಹೇಳಿದರು, "ಆಯ್ತು. ಹಾಗಾದ್ರೆ ಬರೆಸಿದ್ದು ಯಾರು? ಫೈಲಿಗೆ ಒಂದು ಹೆಸರು ಬೇಕಲ್ಲ."

ಧೃತಿ "ನಾನೇ..." ಎಂದು ಬಾಯಿ ತೆಗೆದಳು. "ಸುಮ್ನಿರಮ್ಮ" ಎಂದರು ಪುಟ್ಟಯ್ಯ, ನೋಡದೆಯೇ. ಪೆನ್ನು ಹಿಡಿದು ಹಾಗೇ ಕೂತಿದ್ದರು. ನಾನು ಎದುರಿಗಿದ್ದ ಹಾಜರಿ ಪುಸ್ತಕದ ಬೈಂಡನ್ನು ನೋಡುತ್ತಿದ್ದೆ. ಆ ಬೈಂಡಿನ ಮೂಲೆ ಎಲ್ಲಿ ಹರಿದಿದೆ ಎಂದು ಈಗಲೂ ಹೇಳಬಲ್ಲೆ. ಹದಿನೆಂಟು ವರ್ಷದ ಕೆಲಸ, ಮನೆ ಸಾಲ, ಅಮ್ಮನ ಔಷಧಿ, ಎಲ್ಲ ಕಾರಣಗಳೂ ಸರತಿಯಲ್ಲಿ ನಿಂತಿದ್ದವು. ಒಂದನ್ನೂ ಕರೆಯಬೇಕಾಗಿರಲಿಲ್ಲ.

"ನಾನೇ ಬರೆದೆ, ನಾನೇ ಬರೆಸ್ದೆ" ಎಂದು ಪುಟ್ಟಯ್ಯನವರು ಗೀಚಿದರು.

ಮಂಡಳಿಯವರು ನಕ್ಕರು. "ನಿಮಗೂ ಯುದ್ಧಕ್ಕೂ ಏನ್ರೀ ಸಂಬಂಧ?"

"ಹತ್ತು ವರ್ಷದ ಹಿಂದೆ ನಮ್ಮ ಕಡೆ ಹುಡುಗ ಒಬ್ಬ ಗಡಿಲಿ ತೀರ್ಕೊಂಡ ಸಾರ್. ವೀರಯೋಧನಿಗೆ ಶ್ರದ್ಧಾಂಜಲಿ ಅಂತ ನಾನೇ ಬರ್ದೆ. ಕೆಳಗಡೆ ಹದಿನಾಲ್ಕು ಲೀಡರ್‌ಗಳ ಹೆಸರು. ತಿಥಿ ಆದ್ಮೇಲೆ ಆ ಹುಡುಗನ ತಾಯಿ ಬ್ಯಾನರ್ ಮಡಚ್ಕೊಂಡು ಅಂಗಡಿಗೆ ಬಂದ್ರು. ಈ ಹೆಸರೆಲ್ಲ ಕತ್ತರಿಸಿಕೊಡಿ, ನನ್ನ ಮಗನ್ದು ಒಂದೇ ಇರ್ಲಿ ಅಂದ್ರು. ಕತ್ತರಿಸ್ದೆ. ಟವಲ್ಲಷ್ಟು ಬಟ್ಟೆ ಉಳೀತು. ಅಷ್ಟನ್ನ ಎದೆಗೆ ಹಿಡ್ಕೊಂಡು ಬಸ್ ಹತ್ತಿದ್ರು." ಪೆನ್ನನ್ನು ಮೇಜಿನ ಮೇಲಿಟ್ಟು, "ಅಷ್ಟೇ ಸಂಬಂಧ" ಎಂದರು.

ಧೃತಿಗೆ ಆ ಮಧ್ಯಾಹ್ನವೇ ಹಾಲ್ ಟಿಕೆಟ್ ಸಿಕ್ಕಿತು. ಹೊರಗಿನ ವ್ಯಕ್ತಿಯೊಬ್ಬ ಕಾಲೇಜಿನ ಆವರಣದಲ್ಲಿ ಬ್ಯಾನರ್ ಕಟ್ಟಿಸಿದ್ದಾನೆ ಎಂದು ಕಾಲೇಜು ದೂರು ಕೊಟ್ಟಿತು. ಪುಟ್ಟಯ್ಯನವರನ್ನು ಠಾಣೆಗೆ ಕರೆದು ಸಂಜೆಯವರೆಗೆ ಕಾಯಿಸಿ, ಇನ್ನು ಮೇಲೆ ಇಂಥದ್ದು ಬರೆಯುವುದಿಲ್ಲ ಎಂದು ಸಹಿ ಹಾಕಿಸಿಕೊಂಡು ಕಳಿಸಿದರು. ಅಲ್ಲಿಯೂ ಅವರು ಕೂರಲಿಲ್ಲವಂತೆ, ಬೆಂಚಿನ ಮುಂದೆ ಅಡ್ಡಾಡುತ್ತಲೇ ಇದ್ದರಂತೆ. ಕಾಲೇಜಿನ ಬ್ಯಾನರುಗಳನ್ನು ಇನ್ನು ಅವರಿಗೆ ಕೊಡಬಾರದು ಎಂದು ಒಂದು ಸುತ್ತೋಲೆ ಬಂತು. ಅದರ ಕನ್ನಡ ನನ್ನದೇ.

ಧೃತಿ ಕೃತಜ್ಞತೆಯಿಂದ ಕಣ್ಣೀರಿಟ್ಟಳು ಎಂದುಕೊಂಡರೆ ತಪ್ಪು. ವಿಚಾರಣೆಯ ದಿನವೇ ಗೇಟಿನ ಹೊರಗೆ ಪುಟ್ಟಯ್ಯನವರನ್ನು ತಡೆದು ಜಗಳವಾಡಿದಳು. "ಶನಿವಾರ ಒಂದಿನ ಹೆದರಿಕೆ ಆಗಿತ್ತು ಅಂಕಲ್. ಆಮೇಲೆ ನನ್ನ ಹೆಸರು ಅಲ್ಲಿರೋದೇ ಸರಿ ಅನ್ಸಿತ್ತು. ಈಗ ಅದು ಸುಳ್ಳು ಅಂತ ಬರ್ದುಕೊಟ್ಟು ಬಂದ್ರಿ."

"ಪರೀಕ್ಷೆ ಬರ್ದು ಬಾಮ್ಮ. ಆಮೇಲೆ ಎಷ್ಟು ಬೇಕಾದ್ರೂ ಬೈಯಿ" ಎಂದು ಅವರು ನಡೆದೇಬಿಟ್ಟರು. ಅವಳು ಪರೀಕ್ಷೆ ಬರೆದಳು. ಆ ಕಂಪನಿ ಕೆಲಸಕ್ಕೆ ಕರೆದಾಗ ಹೋಗಲಿಲ್ಲ.

ನಾನು ಅಂಗಡಿಯ ಮುಂದೆ ಹಾಯುವುದನ್ನು ಬಿಟ್ಟು ಎರಡು ತಿಂಗಳು ಸುತ್ತು ದಾರಿಯಲ್ಲಿ ಮನೆಗೆ ಹೋದೆ. ಆಗಸ್ಟಿನಲ್ಲಿ ಒಂದು ದಿನ ತಡೆಯಲಾರದೆ ಹೋದೆ. ಗಣೇಶನ ಪೆಂಡಾಲಿನ ಬ್ಯಾನರ್ ಬರೆಯುತ್ತಿದ್ದರು. ಕೆಳಗೆ ಹೆಸರುಗಳ ಸಾಲು. ಏನೂ ಆಗಿಲ್ಲ ಎಂಬಂತೆ ಟೀ ತರಿಸಿದರು. ನಾನು ಒಂದೇ ಉಸಿರಿಗೆ ಕೇಳಿಬಿಟ್ಟೆ.

"ಧೃತಿನ ಕಳಿಸಿದ್ದು ನಾನು ಅಂತ ನಿಮಗೆ ಗೊತ್ತಿತ್ತು. ಆ ಮಾತು ಬರ್ದುಕೊಟ್ಟಿದ್ದೂ ನಾನೇ, ಚೀಟಿ ನನ್ನ ಕೈಬರಹ. ನನ್ನ ಹೆಸರು ಹೇಳ್ಬಹುದಿತ್ತಲ್ಲ?"

ಪುಟ್ಟಯ್ಯನವರು ರಸ್ತೆ ದಾಟಲು ಹೊರಟವರು ನಿಂತರು. ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ಕೆಲಸದ ವಿಷಯ ಮಾತಾಡುವ ಹಾಗೆಯೇ ಹೇಳಿದರು.

"ನೀವು ಹೇಳ್ತೀರೇನೋ ಅಂತ ಪೆನ್ನು ಹಿಡ್ಕೊಂಡು ಕಾಯ್ತಿದ್ದೆ ಮೇಡಮ್. ಕೇಳ್ದೆ ಹಾಕಿದ್ರೆ ಏನಾಗತ್ತೆ ಅಂತ ಆ ಮಗು ವಿಷ್ಯದಲ್ಲಿ ನೋಡಿದ್ನಲ್ಲ."

ಟೀ ಇನ್ನೂ ಅರ್ಧವಿತ್ತು. ಅದನ್ನು ಮುಗಿಸುವವರೆಗೆ ಅಲ್ಲೇ ನಿಂತಿದ್ದೆ.